ಗಾಳಿಪಟಕ್ಕೂ ಮೊದಲು ಡೇರೆ ಹಾರಿತು!

"ಮನೆ ಮಠ ಎಲ್ಲಾ ಇದ್ದೂ ಹೊಲದಲ್ಲಿ ಹೋಗಿ ಮಲಗ್ತೀರಾ? ನಿಮಗೇನು ಬಂತ್ರೀ?"

ಹೀಗೆಂದು ನನ್ನನ್ನು ಕೇಳಿದವರು ಒಬ್ಬಿಬ್ಬರಲ್ಲ. ಹಾಲು ಹಾಕುವವಳಿಂದ ಹಿಡಿದು ಎದುರುಮನೆಯ ನಿವೃತ್ತ ಮೇಷ್ಟರವರೆಗೆ ಎಲ್ಲರೂ ಕೇಳಿದರು. ನಮ್ಮ ಮನೆಯವರು ಪೇಪರಿನಿಂದ ತಲೆ ಎತ್ತದೆಯೇ, "ಸೊಳ್ಳೆ ಬತ್ತಿ ಮರೀಬೇಡ" ಅಂದು ಸುಮ್ಮನಾದರು. ಬೇಡ ಅನ್ನುತ್ತಾರೆ ಎಂದು ನಾನು ಹೆದರಿದ್ದ ಅತ್ತೆಯವರೇ, "ಹೋಗ್ಬಾ ಹೋಗು. ಒಂದು ದಿನದ ಮುದ್ದೆ ನಾನು ತಿರುವಲಾರೆನಾ?" ಎಂದುಬಿಟ್ಟರು. ಈಗ ನೀವೂ ಅದೇ ಪ್ರಶ್ನೆ ಕೇಳುತ್ತೀರಿ ಎಂದು ನನಗೆ ಗೊತ್ತು. ಅದಕ್ಕೇ ಮೊದಲಿನಿಂದ ಹೇಳುತ್ತೇನೆ, ಸ್ವಲ್ಪ ಸಾವಧಾನವಾಗಿ ಕೇಳಿ.

ನಾವು ನಾಲ್ವರು ಗೆಳತಿಯರು. ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಮೂರು ವರ್ಷ ಒಂದೇ ಬೆಂಚಿನಲ್ಲಿ ಕೂತು ಓದಿದವರು. 1995ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಯಿತು, ಓದೂ ಅಲ್ಲಿಗೇ ಮುಗಿಯಿತು. ಒಬ್ಬಳನ್ನು ಪಾಂಡವಪುರಕ್ಕೆ ಕೊಟ್ಟರು, ಒಬ್ಬಳನ್ನು ಕೆ.ಆರ್. ಪೇಟೆಗೆ, ಒಬ್ಬಳನ್ನು ನಾಗಮಂಗಲಕ್ಕೆ. ನನ್ನನ್ನು ಕೊಟ್ಟಿದ್ದು ಶ್ರೀರಂಗಪಟ್ಟಣಕ್ಕೆ. ನಮ್ಮ ಕಡೆ ಶ್ರೀರಂಗಪಟ್ಟಣವನ್ನು ಬರೀ 'ಪಟ್ಟಣ' ಅನ್ನುವುದು ರೂಢಿ. ಹಾಗಾಗಿ ನಾನು ಪಟ್ಟಣದವಳು, ಇವಳು ಪೇಟೆಯವಳು, ಅವಳು ನಾಗಮಂಗಲದವಳು. ಫೋನಿನಲ್ಲಿ ಸಹ ಹೆಸರು ಹಿಡಿದು ಕರೆಯುವುದು ಯಾವಾಗಲೋ ನಿಂತುಹೋಗಿ, ಊರಿನ ಹೆಸರೇ ನಮ್ಮ ಹೆಸರಾಗಿಬಿಟ್ಟಿದೆ. ಪತ್ರಿಕೆಯಲ್ಲಿ ಹೆಸರು ಹಾಕಬೇಡ ಕಣೆ ಎಂದು ಮೂವರೂ ತಾಕೀತು ಮಾಡಿರುವುದರಿಂದ ಇಲ್ಲಿಯೂ ಊರಿನಿಂದಲೇ ಕರೆಯುತ್ತೇನೆ.

ಇನ್ನು ಗಾಳಿಪಟದ ವಿಷಯ. ಗುಜರಾತಿನ ಅಹಮದಾಬಾದಿನಲ್ಲಿ ಸಂಕ್ರಾಂತಿಯ ಹೊತ್ತಿಗೆ ದೊಡ್ಡ ಗಾಳಿಪಟದ ಉತ್ಸವ ನಡೆಯುವುದನ್ನು ನೀವು ಟೀವಿಯಲ್ಲಿ ನೋಡಿರುತ್ತೀರಿ. 1989ರಿಂದ ಅಲ್ಲಿ ಬೇರೆ ಬೇರೆ ದೇಶದವರೂ ಬಂದು ಹಾರಿಸುತ್ತಾರಂತೆ. ಆದರೆ ನಮ್ಮ ಮಂಡ್ಯದ ಸೀಮೆಯಲ್ಲಿ ಸಂಕ್ರಾಂತಿ ಎಂದರೆ ಎಳ್ಳು, ಬೆಲ್ಲ, ಕಬ್ಬು, ದನಗಳಿಗೆ ಕಿಚ್ಚು ಹಾಯಿಸುವುದು. ಗಾಳಿಪಟಕ್ಕೆ ನಮ್ಮದು ಆಷಾಢ. ಯಾಕೆಂದು ಯೋಚಿಸಿದ್ದೀರಾ? ಜನವರಿಯಲ್ಲಿ ನಮ್ಮಲ್ಲಿ ಒಣಹಾಕಿದ ಸೀರೆಯೂ ಸರಿಯಾಗಿ ಅಲ್ಲಾಡುವುದಿಲ್ಲ. ಆಷಾಢದಲ್ಲಾದರೆ ಮುಂಗಾರು ಗಾಳಿ ಪಶ್ಚಿಮದಿಂದ ಹಗಲೂ ರಾತ್ರಿ ಬೀಸುತ್ತದೆ. ಮಳೆಯನ್ನೆಲ್ಲ ಮಲೆನಾಡು, ಕೊಡಗಿನಲ್ಲಿ ಸುರಿದು, ನಮ್ಮ ಬಯಲಿಗೆ ಬರುವಷ್ಟರಲ್ಲಿ ಮೋಡ ಹಗುರಾಗಿ ಗಾಳಿ ಮಾತ್ರ ಉಳಿದಿರುತ್ತದೆ. ಗಾಳಿ ಉಂಟು, ಮಳೆ ಕಡಿಮೆ! ಪಟ ಹಾರಿಸುವುದಕ್ಕೆ ಇದಕ್ಕಿಂತ ಬೇರೆ ಏನು ಬೇಕು? ಅದರಲ್ಲೂ ಆಷಾಢದ ಮೊದಲ ಏಕಾದಶಿ ಬಂತೆಂದರೆ ಆಕಾಶದ ತುಂಬ ಪಟಗಳು. ದೊಡ್ಡಬಳ್ಳಾಪುರದಲ್ಲಿ ಆಷಾಢದಲ್ಲಿ ಸ್ಪರ್ಧೆಗಳೇ ನಡೆಯುತ್ತವೆ. ನಮ್ಮ ಹಳ್ಳಿಗಳಲ್ಲಿ ಉದ್ಘಾಟನೆಯೂ ಇಲ್ಲ, ಬಹುಮಾನವೂ ಇಲ್ಲ. ಹುಡುಗರು, ಮುದುಕರು ಎನ್ನದೆ ಹೊಲಕ್ಕೆ ಬರುತ್ತಾರೆ, ಹಾರಿಸುತ್ತಾರೆ, ಹೋಗುತ್ತಾರೆ. ಅದೇ ಹಬ್ಬ.

ಆದರೆ ಒಂದು ಮಾತು. ಆ ಹಬ್ಬ ಗಂಡುಹುಡುಗರದು. ನಾವು ಚಿಕ್ಕವರಾಗಿದ್ದಾಗ ಹೆಣ್ಣುಮಕ್ಕಳ ಕೆಲಸವೇನಿದ್ದರೂ ಅನ್ನದ ಅಂಟು ಕಲಸುವುದು, ಬಾಲಂಗೋಚಿಗೆ ಹಳೆಬಟ್ಟೆ ಹರಿದುಕೊಡುವುದು, ಆಮೇಲೆ ದೂರ ಹೋಗಿ ಪಟವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು "ಬಿಡು" ಅಂದಾಗ ಬಿಡುವುದು. ಪಟ ಮೇಲೇರುತ್ತಿದ್ದಂತೆ ನಮ್ಮ ಕೆಲಸ ಮುಗಿಯಿತು. ದಾರ ಇರುತ್ತಿದ್ದುದು ಅಣ್ಣಂದಿರ ಕೈಯಲ್ಲಿ. 1994ರ ಆಷಾಢದಲ್ಲಿ ನಾವು ನಾಲ್ವರೂ ಸೇರಿ ಗುಟ್ಟಾಗಿ ಒಂದು ಪಟ ಮಾಡಿದ್ದೆವು. ಶಾಲೆಯ ಹಿಂದಿನ ಬಯಲಿಗೆ ತೆಗೆದುಕೊಂಡು ಹೋಗಿದ್ದೇ ತಡ, ನಮ್ಮಣ್ಣ ಬಂದು, "ಹೆಣ್ಣುಮಕ್ಕಳು ಪಟ ಹಾರಿಸಿದ್ರೆ ನೋಡೋರು ಏನಂತಾರೆ?" ಎಂದು ಕಿತ್ತುಕೊಂಡು ಹೋದ. ಪಾಪ, ಅವನದು ಕೆಟ್ಟ ಮನಸ್ಸಲ್ಲ, ಆಗಿನ ಕಾಲವೇ ಹಾಗಿತ್ತು. ಆದರೆ ಆ ಪಟ ಅವನ ಕೈಯಲ್ಲಿ ಎಷ್ಟು ಚೆನ್ನಾಗಿ ಹಾರಿತೆಂಬುದು ನಮಗೆ ನಾಲ್ವರಿಗೂ ಇಂದಿಗೂ ನೆನಪಿದೆ.

ಆಮೇಲೆ ಮದುವೆಗಳಾದವು. ಮೊದಲ ವರ್ಷದ ಆಷಾಢಕ್ಕೆ ತವರಿಗೆ ಬಂದಾಗ ಒಮ್ಮೆ ಸೇರಿದ್ದೆವು. ಗೊತ್ತಲ್ಲ, ಆಷಾಢದಲ್ಲಿ ಹೊಸ ಸೊಸೆ ಅತ್ತೆಮನೆಯಲ್ಲಿ ಇರಬಾರದು. ಅದೊಂದು ತಿಂಗಳು ನಮಗೆ ರಜೆ. ಎರಡನೆಯ ವರ್ಷದಿಂದ ರಜೆ ಇಲ್ಲ! ಮಕ್ಕಳು, ಅವರ ಓದು, ಮನೆ ಕಟ್ಟಿದ್ದು, ಸಾಲ ತೀರಿಸಿದ್ದು. ಮದುವೆ, ಗೃಹಪ್ರವೇಶಗಳಲ್ಲಿ ಸಿಕ್ಕಾಗ ಎಲೆಯ ಮುಂದೆ ಕೂತು ಎರಡು ಮಾತು. ಅಷ್ಟೇ.

ಈಗ ಹೇಳಬೇಕಾದ ಮಾತು ಬಂತು. ಹೇಳುವುದಕ್ಕೆ ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

2023ರ ಕಾರ್ತಿಕದಲ್ಲಿ ಪೇಟೆಯವಳ ಯಜಮಾನರು ಹೋಗಿಬಿಟ್ಟರು. ರಾತ್ರಿ ಊಟ ಮಾಡಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ. ನಾವು ಮೂವರೂ ಹೋದೆವು, ಅತ್ತೆವು, ಹನ್ನೊಂದನೆಯ ದಿನಕ್ಕೂ ಹೋಗಿಬಂದೆವು. ಅಲ್ಲಿಂದ ಬಂದಮೇಲೆ ನಾನು ಅವಳಿಗೆ ಫೋನ್ ಮಾಡಲಿಲ್ಲ. ನಾಳೆ ಮಾಡೋಣ ಎಂದುಕೊಂಡೆ. ಏನು ಮಾತಾಡುವುದು? 'ಚೆನ್ನಾಗಿದ್ದೀಯಾ' ಎಂದು ಕೇಳುವ ಹಾಗಿಲ್ಲ. ನಮ್ಮ ಮನೆಯ ಹಬ್ಬದ ಸುದ್ದಿ ಹೇಳಿದರೆ ಅವಳಿಗೆ ನೋವು. ಒಂದು ಸಲ ನಂಬರ್ ಒತ್ತಿ, ಅತ್ತ ರಿಂಗ್ ಆಗುವುದರೊಳಗೆ ಕಟ್ ಮಾಡಿದ್ದೂ ಉಂಟು. ತಿಂಗಳಾಯಿತು, ಆರು ತಿಂಗಳಾಯಿತು, ವರ್ಷ ದಾಟಿತು. ಇಷ್ಟು ದಿನ ಮಾಡದೆ ಈಗ ಯಾವ ಮುಖ ಇಟ್ಟುಕೊಂಡು ಮಾಡಲಿ? ದಿನ ಹೆಚ್ಚಾದಷ್ಟೂ ನಾಚಿಕೆ ಹೆಚ್ಚಾಯಿತು, ನಾಚಿಕೆ ಹೆಚ್ಚಾದಷ್ಟೂ ದಿನ ಹೆಚ್ಚಾಯಿತು. ನಾಲ್ವರ ವಾಟ್ಸಾಪ್ ಗುಂಪಿನಲ್ಲಿ ನಾನು ದಿನಾ ಬೆಳಿಗ್ಗೆ ಹೂವಿನ ಚಿತ್ರ ಕಳಿಸುತ್ತಿದ್ದೆ. ಅದೇ ನನ್ನ ಧೈರ್ಯ! ಅವಳಿಂದ ಉತ್ತರ ಬರುತ್ತಿರಲಿಲ್ಲ.

2025ರ ಜೂನ್ ತಿಂಗಳಲ್ಲಿ ಕ್ಯಾಲೆಂಡರ್ ನೋಡುತ್ತಿದ್ದಾಗ ಕಣ್ಣಿಗೆ ಬಿತ್ತು: ಪ್ರಥಮ ಏಕಾದಶಿ ಜುಲೈ 6, ಭಾನುವಾರ. ಏನನ್ನಿಸಿತೋ, ಗುಂಪಿನಲ್ಲಿ ಬರೆದೆ: "ಅಣ್ಣ ಕಿತ್ತುಕೊಂಡ ಪಟ ಈ ಸಲ ನಾವೇ ಹಾರಿಸೋಣ ಬರ್ತೀರೇನ್ರೇ?" ಪಾಂಡವಪುರದವಳು ತಕ್ಷಣ ಬರೆದಳು: ತೊಣ್ಣೂರಿಗೆ ಹೋಗುವ ದಾರಿಯಲ್ಲಿ ಅವರದೊಂದು ಹೊಲ ಉಂಟು, ರಾಗಿಗೆಂದು ಉತ್ತು ಬಿಟ್ಟಿದ್ದಾರೆ, ಅವಳ ಮಗ ಬೆಂಗಳೂರಿನಲ್ಲಿ ಕೊಂಡ ಡೇರೆಯೂ ಇದೆ, ಶನಿವಾರವೇ ಬಂದು ರಾತ್ರಿ ಅಲ್ಲೇ ತಂಗೋಣ. ನಾಗಮಂಗಲದವಳು "ಊಟ ನನ್ನದು" ಅಂದಳು. ಎರಡು ದಿನ ಕಳೆದಮೇಲೆ ಪೇಟೆಯವಳಿಂದ ಒಂದೇ ಸಾಲು ಬಂತು. "ಬಸ್ಸಿಗೆ ದುಡ್ಡಿಲ್ಲವಲ್ಲ, ಬರ್ತೀನಿ."

2023ರ ಜೂನ್ 11ರಿಂದ ನಮ್ಮ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾಗಿದೆ. ಯಾರು ಏನೇ ಅನ್ನಲಿ, ಅವಳು ಮನೆಯ ಹೊಸಿಲು ದಾಟಿದ್ದು ಆ ಟಿಕೆಟ್ಟಿನಿಂದ. ಮಗಳನ್ನು ಕರೆದುಕೊಂಡು ಚಿನಕುರಳಿಯ ಮೇಲೆ ಬಂದಿಳಿದಳು. ನಾಗಮಂಗಲದವಳು ಜಕ್ಕನಹಳ್ಳಿಯ ಮೇಲೆ ಬಂದಳು. ಅವಳ ಜೊತೆ ಮಗ, ಎರಡು ಚೀಲ, ಮತ್ತೆ ಒಂದು ಹಿತ್ತಾಳೆ ಕೊಳದಪ್ಪಲೆ! ನಾಗಮಂಗಲ ಎಂದರೆ ಹಿತ್ತಾಳೆ, ಕಂಚಿನ ವಿಗ್ರಹಗಳಿಗೆ ಹೆಸರಾದ ಊರು, ಸರಿಯೇ. ಹಾಗೆಂದು ಬಸ್ಸಿನಲ್ಲಿ ಕೊಳದಪ್ಪಲೆ ಹೊತ್ತು ತರುವುದೇ? ಎಲ್ಲರೂ ನಕ್ಕೆವು. ಆ ಕೊಳದಪ್ಪಲೆಯ ಮಹಿಮೆ ಸಂಜೆ ಗೊತ್ತಾಯಿತು.

ನಾನು ಪಟ್ಟಣದಿಂದ ಹೊರಟ ದಿನ ಕಾವೇರಿ ಎರಡೂ ದಡ ತುಂಬಿ ಹರಿಯುತ್ತಿದ್ದಳು. ಆ ವರ್ಷ ಕನ್ನಂಬಾಡಿ ಕಟ್ಟೆ ಜೂನ್‌ನಲ್ಲೇ 124.80 ಅಡಿ ತುಂಬಿ, 30ನೇ ತಾರೀಖು ಮುಖ್ಯಮಂತ್ರಿಗಳು ಬಾಗಿನ ಅರ್ಪಿಸಿದ್ದರು. ತುಂಬಿದ ಹೊಳೆ ನೋಡಿ ಕೈಮುಗಿದೆ. ಅವಳು ಎದುರಿಗೆ ಬಂದಾಗ ನನ್ನ ಬಾಯಿಗೆ ಮೊದಲ ಮಾತು ಕೊಡು ತಾಯಿ ಎಂದು ಬೇಡಿಕೊಂಡೆ. ಸತ್ಯ ಹೇಳಬೇಕೆಂದರೆ, ಪಾಂಡವಪುರದ ಬಸ್ ನಿಲ್ದಾಣದಲ್ಲಿ ಅವಳನ್ನು ಕಂಡಾಗ ನಾನು ಅಂದಿದ್ದು, "ಕೂದಲು ಎಷ್ಟು ಉದುರಿಸಿಕೊಂಡಿದ್ದೀಯೇ!" ಎಂದು. ಎಂಥ ಮಾತು ನೋಡಿ.

ಪಾಂಡವಪುರದ ಸೀಮೆ ಮೊದಲಿನಿಂದಲೂ ಬಿಡಾರ ಹೂಡುವವರ ಜಾಗ. ವನವಾಸದಲ್ಲಿ ಪಾಂಡವರು ಕುಂತಿಯ ಜೊತೆ ಇಲ್ಲಿ ತಂಗಿದ್ದರೆಂದು ಹೇಳುತ್ತಾರೆ. ಕುಂತಿಬೆಟ್ಟ ಇಂದಿಗೂ ಆ ಹೆಸರು ಹೊತ್ತು ನಿಂತಿದೆ. ರಾಮಾನುಜಾಚಾರ್ಯರು ಚೋಳರ ನಾಡು ಬಿಟ್ಟು ಬಂದು, ಮೇಲುಕೋಟೆಗೆ ಹೋಗುವ ಮೊದಲು ತೊಣ್ಣೂರಿನಲ್ಲಿ ಇದ್ದರೆಂದು ಹಿರಿಯರು ಹೇಳುತ್ತಾರೆ. ಆಮೇಲೆ ಹೈದರಾಲಿ, ಟಿಪ್ಪುವಿನ ಕಡೆಯ ಫ್ರೆಂಚ್ ಸೈನಿಕರು ಈ ಬಂಡೆಗಳ ಹತ್ತಿರ ಪಾಳೆಯ ಬಿಟ್ಟಿದ್ದರು. ಅದಕ್ಕೇ ಹಿರೋಡೆ ಎಂಬ ಈ ಊರನ್ನು ಇಂಗ್ಲಿಷರು ಫ್ರೆಂಚ್ ರಾಕ್ಸ್ ಎಂದು ಕರೆದಿದ್ದು. ಇಷ್ಟು ಜನ ಬಿಡಾರ ಹೂಡಿರುವಾಗ ನಾವು ನಾಲ್ವರು ಗೃಹಿಣಿಯರು ಒಂದು ರಾತ್ರಿ ಮಲಗಿದರೆ ತಪ್ಪೇನು, ನೀವೇ ಹೇಳಿ!

ಮಧ್ಯಾಹ್ನ ಮೂರು ಗಂಟೆಗೆ ಹೊಲದಲ್ಲಿ ಡೇರೆ ಎಬ್ಬಿಸಿದೆವು. ಜೊತೆಗಿದ್ದ ಚೀಟಿಯಲ್ಲಿ ಚಿತ್ರ ಬರೆದಿತ್ತು, ಅದರಂತೆ ಕಡ್ಡಿ ಜೋಡಿಸಿ, ಗೂಟ ಹೊಡೆದು, ಒಳಗೆ ಜಮಖಾನ ಹಾಸಿದ್ದಾಯಿತು. ಸಂಜೆ ಮುಳುಗುವ ಸೂರ್ಯನನ್ನು ಕೂತಲ್ಲಿಂದಲೇ ನೋಡೋಣವೆಂದು ಬಾಗಿಲನ್ನು ಪಡುವಣಕ್ಕೆ ಇಟ್ಟೆವು. ಎಷ್ಟು ಚೆಂದ ಅನ್ನಿಸಿತು! ಆಮೇಲೆ ಪಟ ಹಿಡಿದು ಹೊರಟೆವು. ಮೂವತ್ತೊಂದು ವರ್ಷದ ಮೇಲೆ ಮಾಡಿದ ಪಟ. ಪೇಪರು, ತೆಂಗಿನ ಗರಿಕಡ್ಡಿ, ಮೈದಾ ಅಂಟು. ಒಬ್ಬಳು ಎತ್ತಿಕೊಟ್ಟಳು, ನಾನು ದಾರ ಹಿಡಿದು ಓಡಿದೆ. ಪಟ ಆಳೆತ್ತರ ಏರಿ ಗಿರಿಗಿರಿ ತಿರುಗಿ ಗೋತಾ ಹೊಡೆಯಿತು. ಮತ್ತೆ ಎತ್ತಿದೆವು, ಮತ್ತೆ ಗೋತಾ. ಹತ್ತು ಸಲ ಓಡಿ ನನಗೆ ಏದುಸಿರು ಬಂದಿತ್ತು.

ಆಗ ಬಂತು ನೋಡಿ ಗಾಳಿ! ಹಿಂದಿನಿಂದ ಮಕ್ಕಳು "ಅಮ್ಮಾ! ಅಮ್ಮಾ!" ಎಂದು ಕೂಗಿದವು. ತಿರುಗಿದರೆ ನಮ್ಮ ಡೇರೆ ಎಣ್ಣೆಗೆ ಬಿಟ್ಟ ಪೂರಿಯ ಹಾಗೆ ಉಬ್ಬುತ್ತಿದೆ. ಉತ್ತ ಮಣ್ಣಿನಲ್ಲಿ ಗೂಟಕ್ಕೆ ಹಿಡಿತವೆಲ್ಲಿ? ಒಂದೊಂದೇ ಗೂಟ ಪುಳಕ್ ಪುಳಕ್ ಎಂದು ಕಿತ್ತು ಬಂದು, ನೋಡನೋಡುತ್ತಿದ್ದಂತೆ ಡೇರೆ ಮೇಲೆದ್ದು ಉರುಳಿಕೊಂಡು ಪಕ್ಕದವರ ಕಬ್ಬಿನ ಗದ್ದೆಯ ಕಡೆ ಹೊರಟೇಬಿಟ್ಟಿತು. ಸೀರೆ ಎತ್ತಿಕಟ್ಟಿ ನಾವು ನಾಲ್ವರು ಅದರ ಹಿಂದೆ! ಒಂದು ಮೂಲೆಯಲ್ಲಿ ಕೊಳದಪ್ಪಲೆ ಇಟ್ಟಿದ್ದರಿಂದ ಅದು ಸ್ವಲ್ಪ ತೂಗಿ ತಡವಾಯಿತು. ಇಲ್ಲದಿದ್ದರೆ ಎಲ್ಲಿಗೆ ಹೋಗಿ ಮುಟ್ಟುತ್ತಿತ್ತೋ. ಬೇಲಿಯ ಮುಳ್ಳಿಗೆ ಸಿಕ್ಕಿ ಪರ್ ಎಂದು ಹರಿದು ನಿಂತಿತು. ಪಟ ಹಾರಲಿಲ್ಲ, ಡೇರೆ ಹಾರಿತು!

ಬದುವಿನ ಮೇಲೆ ಕೂತು ಆಡು ಕಾಯುತ್ತಿದ್ದ ಮುದುಕಪ್ಪನೊಬ್ಬ ಎಲ್ಲವನ್ನೂ ನೋಡುತ್ತಿದ್ದನೆಂದು ಕಾಣುತ್ತದೆ. "ಬಾಯನ್ನ ಗಾಳಿಗೇ ಕೊಟ್ಟಿದ್ದೀರಲ್ಲವ್ವ, ಅದು ಕುಡಿದುಬುಡ್ತದೆ. ಗುಡಿಸಲಿಗಾಗ್ಲಿ ಡೇರೆಗಾಗ್ಲಿ ಗಾಳಿಗೆ ಬೆನ್ನು ಕೊಡಬೇಕು ಕಣವ್ವ," ಅಂದ. ಆಮೇಲೆ ನನ್ನ ಕೈಯಲ್ಲಿದ್ದ ಪಟ ನೋಡಿ, "ಇದುಕ್ಕೆ ಬಾಲ ಸಾಲ್ದು. ಪಟದ ಆರರಷ್ಟಾದ್ರೂ ಇರ್ಬೇಕು. ಬಾಲ ಇಲ್ದಿದ್ರೆ ನೆಟ್ಟಗೆ ನಿಲ್ಲಾಕಿಲ್ಲ," ಎಂದ.

ಆಗ ಒಂದು ಶಬ್ದ ಕೇಳಿಸಿತು. ಪೇಟೆಯವಳು ಹರಿದ ಡೇರೆಯ ಮೇಲೆ ಕೂತು ನಗುತ್ತಿದ್ದಳು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ. ಅವಳ ಮಗಳು ತಾಯಿಯನ್ನೇ ನೋಡುತ್ತ ನಿಂತಿದ್ದಳು. ಆ ಹುಡುಗಿಯ ಮುಖ ನಾನು ಮರೆಯಲಾರೆ.

ರಾತ್ರಿ ಮಲಗಿದ್ದು ಪಂಪಿನ ಮನೆಯಲ್ಲಿ. ಮಕ್ಕಳು ಬೆಂಕಿ ಹಾಕಿ ಮುಸುಕಿನ ಜೋಳ ಸುಟ್ಟರು. ನಾಗಮಂಗಲದವಳು ಕೊಳದಪ್ಪಲೆಯಿಂದ ಪುಳಿಯೋಗರೆ, ಮೊಸರನ್ನ ತೆಗೆದು ತೆಗೆದು ಬಡಿಸಿದಳು. ದಶಮಿಯ ಚಂದ್ರ ಮೋಡದ ಸಂದಿಯಲ್ಲಿ ಬಂದು ಹೋಗುತ್ತಿದ್ದ. ಮಕ್ಕಳು ನಿದ್ದೆ ಹೋದಮೇಲೆ ಕತ್ತಲೆಯಲ್ಲಿ ನನಗೆ ಧೈರ್ಯ ಬಂತು.

"ನಾನು ನಿನಗೆ ಫೋನ್ ಮಾಡಲಿಲ್ಲ," ಎಂದೆ.

ಸ್ವಲ್ಪ ಹೊತ್ತು ಅವಳು ಮಾತಾಡಲಿಲ್ಲ. ಆಮೇಲೆ ಹೇಳಿದಳು: "ನೀನೊಬ್ಬಳೇ ಅಲ್ಲ ಬಿಡು. ಮೊದಲ ತಿಂಗಳು ಮನೆ ತುಂಬ ಜನ, ಕೂರಕ್ಕೂ ಜಾಗ ಇರಲಿಲ್ಲ. ಆಮೇಲೆ ಫೋನ್ ಬಡ್ಕೊಂಡ್ರೆ ಸಾಲದವರದ್ದೇ. ಅವರ ಧ್ವನಿ ಬಿಟ್ಟು ಬೇರೆ ಧ್ವನಿ ಕೇಳದೆ ಎಷ್ಟೋ ದಿನ ಹೋದ್ವು."

"ಏನು ಮಾತಾಡಬೇಕು ಅಂತ ಗೊತ್ತಾಗಲಿಲ್ಲ ಕಣೆ."

"ಏನಾದ್ರೂ ಮಾತಾಡಬಹುದಿತ್ತು. ಇವತ್ತು ಏನು ಸಾರು ಮಾಡಿದೆ ಅಂತ ಕೇಳಿದ್ರೂ ಸಾಕಾಗಿತ್ತು."

ಅಷ್ಟೇ ಅವಳು ಅಂದಿದ್ದು. ಬೈಯಲಿಲ್ಲ, ಅಳಲಿಲ್ಲ. ಹೊರಗೆ ಗಾಳಿ ಪಂಪಿನ ಮನೆಯ ತಗಡನ್ನು ದಡದಡ ಬಡಿಯುತ್ತಿತ್ತು. ನಾನು ಇಪ್ಪತ್ತು ತಿಂಗಳು ದೊಡ್ಡ ದೊಡ್ಡ ಸಮಾಧಾನದ ಮಾತುಗಳನ್ನು ಹುಡುಕುತ್ತಾ ಕೂತಿದ್ದೆ. ಅವಳಿಗೆ ಬೇಕಾಗಿದ್ದು ಸಾರಿನ ಮಾತು. ಸೋದರಿಯರೇ, ಈ ಲೇಖನ ಬರೆಯಲು ಕುಳಿತದ್ದೇ ಈ ಒಂದು ಮಾತಿಗಾಗಿ.

ಭಾನುವಾರ ಬೆಳಿಗ್ಗೆ ಎದ್ದು ನೋಡಿದರೆ ಆಗಲೇ ಊರಿನ ಹುಡುಗರ ಪಟಗಳು ಮೇಲೆದ್ದಿದ್ದವು. ಕೆಂಪು, ಹಳದಿ, ಬರೀ ಪೇಪರಿನವು, ಲೆಕ್ಕವಿಲ್ಲ. ನಾವು ನಮ್ಮ ಪಟವನ್ನು ಸರಿಮಾಡಲು ಕುಳಿತೆವು. ನಿಮ್ಮ ಮನೆಯಲ್ಲೂ ಮಕ್ಕಳಿದ್ದರೆ ಉಪಯೋಗವಾದೀತೆಂದು ಇಲ್ಲೇ ಹೇಳಿಬಿಡುತ್ತೇನೆ. ಒಂದೂಕಾಲು ಅಡಿ ಚೌಕದ ಕಾಗದ. ಮೂಲೆಯಿಂದ ಮೂಲೆಗೆ ಒಂದು ಕಡ್ಡಿ ನೆಟ್ಟಗೆ, ಇನ್ನೊಂದು ತೆಳುವಾದ ಕಡ್ಡಿ ಬಿಲ್ಲಿನಂತೆ ಬಾಗಿಸಿ ಅಡ್ಡಕ್ಕೆ. ಗಾಳಿ ಜೋರಿದ್ದರೆ ಗರಿಕಡ್ಡಿಗಿಂತ ಸೀಳಿದ ಬಿದಿರು ಮೇಲು. ಎರಡೂ ಕಡ್ಡಿ ಕೂಡುವ ಕಡೆ ಒಂದು ಗಂಟು, ಕೆಳಗಿನ ತುದಿಗಿಂತ ಸ್ವಲ್ಪ ಮೇಲೆ ಇನ್ನೊಂದು ಗಂಟು, ಎರಡನ್ನೂ ಸೇರಿಸಿದರೆ ಸೂತ್ರ. ಮೇಲಿನ ಎಳೆ ಕೆಳಗಿನದಕ್ಕಿಂತ ತುಸು ಗಿಡ್ಡ ಇರಬೇಕು, ಆಗಲೇ ಪಟ ಗಾಳಿಗೆ ಮುಖ ಕೊಟ್ಟು ಏರುವುದು. ಹಾರಿಸುವಾಗ ನೀವು ಗಾಳಿಗೆ ಬೆನ್ನು ಕೊಟ್ಟು ನಿಲ್ಲಬೇಕು. ವಿದ್ಯುತ್ ತಂತಿ ಇರುವ ಕಡೆ, ರಸ್ತೆಯ ಪಕ್ಕ ಖಂಡಿತ ಹಾರಿಸಬಾರದು. ತಂತಿಗೆ ಸಿಕ್ಕಿದ ಪಟವನ್ನು ಕೋಲಿನಿಂದ ಬಿಡಿಸುವ ಸಾಹಸವಂತೂ ಬೇಡವೇ ಬೇಡ.

ನಾಗಮಂಗಲದವಳ ಮಗ ಎಲ್ಲಿಂದಲೋ ನೈಲಾನ್ ದಾರದ ಉರುಳೆ ತಂದಿದ್ದ. ಅದನ್ನು ನಾನೇ ತೆಗೆದಿಟ್ಟುಬಿಟ್ಟೆ. ಆ ದಾರ ಕೊಳೆಯುವುದಿಲ್ಲ, ಹರಿಯುವುದೂ ಇಲ್ಲ. ಸ್ಕೂಟರಿನವರ ಕುತ್ತಿಗೆ ಕೊಯ್ಯುತ್ತದೆ, ಮರದಲ್ಲಿ ಉಳಿದು ಹಕ್ಕಿಗಳ ರೆಕ್ಕೆಗೆ ಸುತ್ತಿಕೊಳ್ಳುತ್ತದೆ. 2017ರಲ್ಲೇ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇಡೀ ದೇಶದಲ್ಲಿ ಅದನ್ನು ನಿಷೇಧಿಸಿದೆ. ನಮ್ಮ ಪಟ್ಟಣದ ಪಕ್ಕದಲ್ಲೇ ರಂಗನತಿಟ್ಟು. 1940ರಲ್ಲಿ ಪಕ್ಷಿಧಾಮವಾದ ಜಾಗ. ಅಲ್ಲಿನ ಕೊಕ್ಕರೆಗಳನ್ನು ದಿನಾ ನೋಡುವ ನನಗೆ ಆ ದಾರ ಹಿಡಿಯಲು ಮನಸ್ಸಾದರೂ ಹೇಗೆ ಬಂದೀತು? ಹೊಲಿಗೆಯ ಹತ್ತಿ ದಾರವನ್ನೇ ಎರಡೆಳೆ ಹೊಸೆದುಕೊಂಡೆವು.

ಉಳಿದದ್ದು ಬಾಲ. ಆರರಷ್ಟು ಎಂದರೆ ಹತ್ತು ಅಡಿಗೂ ಮೇಲೆ ಬಟ್ಟೆ ಬೇಕು. ಯಾರ ಹತ್ತಿರ ಇದೆ? ಪೇಟೆಯವಳು ಚೀಲದಿಂದ ಒಂದು ಸೀರೆ ತೆಗೆದಳು. ಹೊದಿಕೆಗೆ ಸುತ್ತಿ ತಂದಿದ್ದ ಕೆಂಪಂಚಿನ ವಾಯಲ್ ಸೀರೆ. "ಇದನ್ನ ಇನ್ನು ನಾನು ಉಡೋದಂತೂ ಇಲ್ಲ," ಎಂದು ಅಂಚಿನ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಸರ್ ಎಂದು ಹರಿದಳು. ನಾವು ಸುಮ್ಮನಿದ್ದೆವು. ನಾಗಮಂಗಲದವಳು ಮಾತ್ರ, "ಯಾಕೆ ಉಡಬಾರದು? ಯಾರೇ ಹೇಳಿದ್ದು?" ಎಂದಳು. ಪೇಟೆಯವಳು ಉತ್ತರ ಕೊಡಲಿಲ್ಲ. ಒಂದೇ ಒಂದು ಅಂಚನ್ನು ಹರಿದುಕೊಂಡು, ಉಳಿದ ಸೀರೆಯನ್ನು ಜೋಪಾನವಾಗಿ ಮಡಿಸಿ ಚೀಲದಲ್ಲಿಟ್ಟಳು. ಆಮೇಲೆ ಅದನ್ನು ಏನು ಮಾಡಿದಳೋ, ನಾನು ಕೇಳಿಲ್ಲ.

ಈ ಸಲ ದಾರ ಅವಳ ಕೈಗೇ ಕೊಟ್ಟೆವು. ಪಟ ಎತ್ತಿಕೊಟ್ಟಿದ್ದು ನಾನು. ಬಾಲ ಗಾಳಿಯಲ್ಲಿ ಬಿಚ್ಚಿಕೊಂಡಿತು, ಪಟ ಒಮ್ಮೆ ತೂಗಿತು, ಆಮೇಲೆ ನೆಟ್ಟಗೆ ಏರಿತು ನೋಡಿ! ತೆಂಗಿನ ಮರ ದಾಟಿತು, ಹುಡುಗರ ಪಟಗಳ ಸಮಕ್ಕೆ ಹೋಯಿತು. ಬದುವಿನ ಮೇಲಿದ್ದ ಹುಡುಗರು ಕೇಕೆ ಹಾಕಿದರು. ಯಾರೂ "ಹೆಂಗಸರು ಪಟ ಹಾರಿಸ್ತಾವ್ರೆ" ಎಂದು ನಗಲಿಲ್ಲ. ನಕ್ಕಿದ್ದರೂ ನಮಗೆ ಕೇಳಿಸುತ್ತಿರಲಿಲ್ಲ ಬಿಡಿ. ಸರದಿಯಂತೆ ಎಲ್ಲರೂ ಹಿಡಿದೆವು. ನನ್ನ ಕೈಗೆ ಬಂದಾಗ ದಾರ ಗುಂಯ್ ಎಂದು ನಡುಗುತ್ತಿತ್ತು. ಮೇಲೆ ಪಟ ಏನು ಮಾಡಿದರೂ ಬೆರಳಿಗೆ ತಿಳಿಯುತ್ತದೆ. ಜಗ್ಗಿದಾಗ ಸ್ವಲ್ಪ ಬಿಡಬೇಕು, ಸಡಿಲವಾದಾಗ ಸ್ವಲ್ಪ ಎಳೆದುಕೊಳ್ಳಬೇಕು. ನಲವತ್ತಾರು ವರ್ಷಕ್ಕೆ ಇದು ನನಗೆ ಮೊದಲ ಸಲ ಗೊತ್ತಾಗಿದ್ದು. ಅಣ್ಣಂದಿರು ಯಾಕೆ ದಾರ ಬಿಟ್ಟುಕೊಡುತ್ತಿರಲಿಲ್ಲ ಎಂಬುದೂ ಆಗಲೇ ಅರ್ಥವಾಯಿತು!

ಏಕಾದಶಿಯಾದ್ದರಿಂದ ಮಧ್ಯಾಹ್ನಕ್ಕೆ ಅನ್ನವಿಲ್ಲ, ಗೊಜ್ಜವಲಕ್ಕಿ. ಒಲೆಯ ಗೊಡವೆ ಹೆಚ್ಚಿಲ್ಲದ ಕಾರಣ ಹೀಗೆ ಹೊರಗೆ ಹೋಗುವವರಿಗೆ ಇದು ಬಹಳ ಅನುಕೂಲ. ಎರಡು ಲೋಟ ಗಟ್ಟಿ ಅವಲಕ್ಕಿಯನ್ನು ಮನೆಯಲ್ಲೇ ರವೆಯಷ್ಟು ತರಿಯಾಗಿ ಪುಡಿಮಾಡಿ ಒಯ್ಯಿರಿ. ನಿಂಬೆಹಣ್ಣಿನ ಗಾತ್ರದ ಹುಣಸೆಹಣ್ಣಿನ ರಸಕ್ಕೆ ಅಷ್ಟೇ ಬೆಲ್ಲ, ಉಪ್ಪು, ಎರಡು ಚಮಚ ಸಾರಿನಪುಡಿ ಬೆರೆಸಿ, ಅವಲಕ್ಕಿ ಮುಳುಗುವಷ್ಟು ನೀರಾಗಿಸಿ ಕಲಸಿ ಅರ್ಧ ಗಂಟೆ ಮುಚ್ಚಿಡಿ. ಮನೆಯಲ್ಲೇ ಸಾಸಿವೆ, ಕಡಲೆಕಾಯಿ ಬೀಜ, ಕರಿಬೇವು, ಒಣಮೆಣಸಿನಕಾಯಿಯ ಒಗ್ಗರಣೆ ಮಾಡಿ ಡಬ್ಬಿಯಲ್ಲಿ ಒಯ್ದರೆ ಕಲಸುವುದೊಂದೇ ಕೆಲಸ. ಮೇಲೆ ಕೊಬ್ಬರಿ ತುರಿ. ಉದುರುದುರಾಗಿ ಬರುತ್ತದೆ. ಆಡಿನ ಮುದುಕಪ್ಪನಿಗೂ ಒಂದು ಎಲೆ ಕೊಟ್ಟೆವು. "ಬಾಲ ಸರಿಯಾಯ್ತು ಕಣವ್ವ," ಎಂದು ಆಶೀರ್ವಾದ ಮಾಡಿದ.

ಮಧ್ಯಾಹ್ನದ ಮೇಲೆ ತೊಣ್ಣೂರು ಕೆರೆಯ ಏರಿಯ ಮೇಲೆ ಸ್ವಲ್ಪ ಹೊತ್ತು ಕೂತಿದ್ದೆವು. ನೀರು ತಿಳಿ ಎಂದು ಈ ಕೆರೆಗೆ ಮೋತಿ ತಲಾಬ್, ಅಂದರೆ ಮುತ್ತಿನ ಕೆರೆ ಎಂದೂ ಹೆಸರು. ಎಷ್ಟೇ ತಿಳಿಯಾಗಿದ್ದರೂ ಆಳದ ಕೆರೆ, ಮಕ್ಕಳನ್ನು ನೀರಿಗಿಳಿಸಲಿಲ್ಲ. ಅಲ್ಲಿ ಕೂತೇ ಪೇಟೆಯವಳು ಫೋನಿನಲ್ಲಿ ಪಂಚಾಂಗ ತೆಗೆದು, "ಬರೋ ವರ್ಷ ಅಧಿಕ ಮಾಸ ಬರುತ್ತೆ. ಏಕಾದಶಿ ಜುಲೈ 25ಕ್ಕೆ, ಶನಿವಾರ," ಅಂದಳು. ಮುಂದಿನ ಸಲದ ದಿನವನ್ನು ಗೊತ್ತುಮಾಡಿದ್ದು ಅವಳು! ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಜಾಗ ನಾಗಮಂಗಲ ಎಂದು ಅಲ್ಲೇ ತೀರ್ಮಾನವಾಯಿತು. ಡೇರೆಯ ಬಾಗಿಲು ಮೂಡಣಕ್ಕೆ, ಕೊಳದಪ್ಪಲೆ ಕಡ್ಡಾಯ.

ಸಂಜೆ ಬಸ್ಸು ಹತ್ತುವಾಗ ಪಟವನ್ನು ಬಾಲ ಸುತ್ತಿ ಅವಳ ಮಗಳೇ ತೆಗೆದುಕೊಂಡು ಹೋದಳು. ನಾನು ಮನೆಗೆ ಬಂದಾಗ ಅತ್ತೆಯವರು ಮುದ್ದೆ, ಉಪ್ಪೆಸರು ಮಾಡಿಟ್ಟಿದ್ದರು. ನಮ್ಮ ಮನೆಯವರು, "ಹೇಗಿತ್ತು ನಿಮ್ಮ ವನವಾಸ?" ಎಂದರು. ಸೊಳ್ಳೆ ಬತ್ತಿ ಮರೆತಿದ್ದೆ ಎಂಬುದನ್ನು ಅವರಿಗೆ ಹೇಳಲಿಲ್ಲ.

ಇದನ್ನೆಲ್ಲ ಓದುತ್ತಿರುವ ನಿಮಗೂ ಹೀಗೆ ಯಾರೋ ಒಬ್ಬಳು ಇರಬಹುದು. ದುಃಖದಲ್ಲಿರುವವಳು, ನೀವು ಏನು ಮಾತಾಡಲಿ ಎಂದು ದಿನ ದೂಡುತ್ತಿರುವವಳು. ಅವಳಿಗಾಗಿ ದೊಡ್ಡ ಮಾತು ಹುಡುಕಬೇಡಿ, ಬಹಳ ದಿನವಾಯಿತೆಂದು ನಾಚಿಕೊಳ್ಳಲೂ ಬೇಡಿ. ಡೇರೆ, ಪಟ ಎಲ್ಲರಿಗೂ ಒದಗುವುದಿಲ್ಲ, ಒಪ್ಪಿದೆ. ಫೋನಂತೂ ಕೈಯಲ್ಲೇ ಇದೆಯಲ್ಲ?

ಆ ಮಾರನೆಯ ದಿನ ಬೆಳಿಗ್ಗೆ ನಾನು ಹೂವಿನ ಚಿತ್ರ ಕಳಿಸಲಿಲ್ಲ. ಹನ್ನೊಂದು ಗಂಟೆಗೆ, ಕುಕ್ಕರ್ ಇಳಿಸಿ, ಪೇಟೆಯವಳಿಗೆ ಫೋನ್ ಮಾಡಿದೆ. ಎರಡನೆಯ ರಿಂಗಿಗೇ ಎತ್ತಿದಳು.

"ಇವತ್ತು ಏನು ಸಾರೇ?" ಎಂದೆ.

"ಹುರುಳಿಕಾಳು," ಅಂದಳು. ಆಮೇಲೆ ಮುಕ್ಕಾಲು ಗಂಟೆ ಮಾತಾಡಿದೆವು.